ಅರಸರನ್ನು ತೊರೆಯುವ ತೇಜಸ್ಸು: ಪ್ರಾಚೀನ ಪರ್ಷಿಯದಲ್ಲಿ ರಾಜ್ಯ, ಸತ್ಯ ಮತ್ತು ಪತನ

ಖ್ವರೆನ ಎಂಬುದು ಅವೆಸ್ತಾ ಭಾಷೆಯ ಪದ. ಅರಸನಾಗತಕ್ಕವನಿಗೆ ದೈವದಿಂದ ಬಂದು ಸೇರುವ ತೇಜಸ್ಸು ಎಂದು ಅದಕ್ಕೆ ಸ್ಥೂಲವಾಗಿ ಅರ್ಥ ಹೇಳಬಹುದು. ಮುಂದಿನ ಕಾಲದ ಪರ್ಷಿಯನ್ ಭಾಷೆಯಲ್ಲಿ ಇದೇ ‘ಫರ್’ ಆಯಿತು. ಈ ತೇಜಸ್ಸು ಯಾರಲ್ಲಿದೆಯೋ ಅವನ ನಾಡಿನಲ್ಲಿ ನೀರು, ಬೆಳೆ, ದನಕರು ಸಮೃದ್ಧ. ಅವನ ಮೇಲೆ ದಂಡೆತ್ತಿ ಬಂದ ಶತ್ರುವಿಗೆ ಗೆಲುವಿಲ್ಲ. ಅದು ತೊರೆದುಹೋದ ಗಳಿಗೆಯಿಂದ ಅರಸ ಎಲ್ಲರಂತೆ ಒಬ್ಬ ಮನುಷ್ಯ ಮಾತ್ರ.

ಕ್ರಿ.ಪೂ. 550ರಿಂದ ಕ್ರಿ.ಶ. 651ರವರೆಗೆ, ಸುಮಾರು 1200 ವರ್ಷಗಳಲ್ಲಿ, ಇರಾನಿನ ಪ್ರಸ್ಥಭೂಮಿಯಿಂದ ಮೂರು ದೊಡ್ಡ ವಂಶಗಳು ಆಳಿದವು: ಅಕೆಮೆನಿಡರು, ಅರ್ಸಾಸಿಡರು ಅಥವಾ ಪಾರ್ಥಿಯನ್ನರು, ಕೊನೆಗೆ ಸಸಾನಿಡರು. ಪ್ರತಿ ವಂಶವೂ ತನ್ನ ಏಳಿಗೆಗೆ ದೈವವನ್ನು ಕಾರಣವಾಗಿ ಕೊಟ್ಟಿತು. ಪ್ರತಿ ವಂಶದ ಪತನಕ್ಕೂ ಗೆದ್ದವರು ದೈವವನ್ನೇ ಸಾಕ್ಷಿಗೆ ಕರೆದರು. ಹೀಗಾಗಿ ಪರ್ಷಿಯದ ಇತಿಹಾಸದುದ್ದಕ್ಕೂ ಒಂದು ಪ್ರಶ್ನೆ ಉಳಿದುಬಂತು. ದೈವ ಒಲಿದಿದ್ದರಿಂದ ಅರಸ ಗೆದ್ದನೇ, ಅಥವಾ ಗೆದ್ದ ಮೇಲೆ ದೈವ ಒಲಿದಿತ್ತೆಂದು ಹೇಳಲಾಯಿತೇ?

ಯಿಮನ ಸುಳ್ಳು

ಈ ಪ್ರಶ್ನೆಗೆ ಅತಿ ಹಳೆಯ ಉತ್ತರ ಇರುವುದು ಜರತುಷ್ಟ್ರ ಧರ್ಮದ ಪವಿತ್ರಗ್ರಂಥವಾದ ಅವೆಸ್ತಾದ 19ನೆಯ ಯಷ್ಟ್‌ನಲ್ಲಿ. ಜಮ್ಯಾದ್ ಯಷ್ಟ್ ಎಂದು ಕರೆಯುವ ಈ ಸ್ತುತಿ ಬಹುಪಾಲು ಖ್ವರೆನದ ಕಥೆಯೇ ಆಗಿದೆ. ಅದರಲ್ಲಿ ಯಿಮ ಎಂಬ ಆದಿಕಾಲದ ಅರಸ ಬರುತ್ತಾನೆ. ಅವನು ವಿವಂಘ್ವಂತನ ಮಗ. ವೇದದ ವಿವಸ್ವಂತನ ಮಗ ಯಮನೂ ಇವನೂ ಒಂದೇ ಮೂಲದವರು. ಅವನ ಆಳಿಕೆಯಲ್ಲಿ ಕೊರೆಯುವ ಚಳಿಯಿಲ್ಲ, ಸುಡುವ ಬಿಸಿಲಿಲ್ಲ, ಮುಪ್ಪಿಲ್ಲ, ಸಾವಿಲ್ಲ. ಅನ್ನ ನೀರಿಗೆ ಕೊರತೆಯೆಂಬುದಿಲ್ಲ. ಆದರೆ ಒಂದು ದಿನ ಯಿಮ ಸುಳ್ಳು ಮಾತಿಗೆ ಮನಸ್ಸು ಕೊಟ್ಟ. ಕೂಡಲೇ ಖ್ವರೆನ ಹಕ್ಕಿಯ ರೂಪ ತಳೆದು ಅವನನ್ನು ಬಿಟ್ಟು ಹಾರಿತು. ಮೂರು ಸಲ ಹಾರಿದ ಆ ತೇಜಸ್ಸನ್ನು ಮೊದಲು ಮಿಥ್ರ ದೇವತೆ, ಎರಡನೆಯ ಸಲ ಥ್ರೈತೌನನೆಂಬ ವೀರ, ಮೂರನೆಯ ಸಲ ಕೆರೆಸಾಸ್ಪ ಹಿಡಿದುಕೊಂಡರು. ಯಿಮ ನೆಲೆ ತಪ್ಪಿ ಅಲೆದಾಡಿದ. ಫಿರ್ದೌಸಿ 1010ರಲ್ಲಿ ಮುಗಿಸಿದ ‘ಶಾಹನಾಮೆ’ಯಲ್ಲಿ ಇದೇ ಅರಸ ಜಮ್‌ಶೀದ್ ಆಗಿ ಬರುತ್ತಾನೆ. ಅಲ್ಲಿ ಅವನ ತಪ್ಪು ಇನ್ನೂ ಸ್ಪಷ್ಟ: ಲೋಕಕ್ಕೆ ತಾನೇ ಕರ್ತನೆಂದು ಅವನು ಕೊಚ್ಚಿಕೊಳ್ಳುತ್ತಾನೆ.

ಅದೇ ಯಷ್ಟ್‌ನಲ್ಲಿ ಇರಾನಿನ ಶತ್ರುನಾಡಾದ ತೂರಾನಿನ ಅರಸ ಫ್ರಂಗ್ರಸ್ಯಾನನ ಪ್ರಸಂಗವೂ ಇದೆ. ಖ್ವರೆನ ಆಗ ವೌರುಕಷವೆಂಬ ಮಹಾಸಾಗರದಲ್ಲಿ ಅಡಗಿರುತ್ತದೆ. ಅವನು ಬಟ್ಟೆ ಕಳಚಿ ನೀರಿಗೆ ಧುಮುಕುತ್ತಾನೆ. ಕೈಗೆ ಸಿಕ್ಕಿತು ಅನ್ನುವಷ್ಟರಲ್ಲಿ ತೇಜಸ್ಸು ಜಾರಿಕೊಳ್ಳುತ್ತದೆ, ಸಾಗರದಿಂದ ಹೊಸ ತೋಳೊಂದು ಚಾಚಿ ನೀರು ಹರಿಯುತ್ತದೆ. ಮೂರು ಸಲ ಮುಳುಗಿ ಮೂರು ಸಲವೂ ಬರಿಗೈಯಲ್ಲಿ ಮೇಲೆ ಬಂದು ಬೈದುಕೊಂಡು ಹೋಗುತ್ತಾನೆ.

ಈ ಎರಡು ಕಥೆಗಳಿಂದ ಮೂರು ತೀರ್ಮಾನಗಳು ಹೊರಡುತ್ತವೆ. ತೇಜಸ್ಸು ಅರಸನ ಸ್ವಂತ ಆಸ್ತಿಯಲ್ಲ, ಅವನಲ್ಲಿ ಇಟ್ಟ ಒತ್ತೆ. ಅದು ಉಳಿಯುವುದಕ್ಕೆ ಷರತ್ತಿದೆ. ತೋಳ್ಬಲದಿಂದ ಅದನ್ನು ಕಿತ್ತುಕೊಳ್ಳಲಾಗದು. ಭಾರತದ ಕಾವ್ಯಗಳು ಬಣ್ಣಿಸುವ ರಾಜಲಕ್ಷ್ಮಿಯೂ ಒಬ್ಬನನ್ನು ಬಿಟ್ಟು ಇನ್ನೊಬ್ಬನನ್ನು ಸೇರುವವಳೇ. ಆದರೆ ಅವಳನ್ನು ಕವಿಗಳು ಚಂಚಲೆ ಎಂದರು. ಬಿಟ್ಟುಹೋಗುವುದು ಅವಳ ಸ್ವಭಾವ. ಖ್ವರೆನ ಚಂಚಲವಲ್ಲ. ಅದು ಹೋಗುವುದಕ್ಕೆ ಕಾರಣ ಬೇಕು, ಆ ಕಾರಣ ಸುಳ್ಳು.

ಸುಳ್ಳಿಗೆ ಇಷ್ಟು ತೂಕ ಬಂದದ್ದು ಪ್ರವಾದಿ ಜರತುಷ್ಟ್ರನ ಧರ್ಮದ ಮೂಲ ವಿಭಜನೆಯಿಂದ. ಒಂದು ಕಡೆ ಅಷ, ಅಂದರೆ ಲೋಕವನ್ನು ಹಿಡಿದಿಟ್ಟಿರುವ ಸತ್ಯ ಮತ್ತು ಕ್ರಮ; ಹಳೆಯ ಪರ್ಷಿಯನ್ ಭಾಷೆಯಲ್ಲಿ ಇದು ಅರ್ತ, ವೇದದಲ್ಲಿ ಋತ. ಇನ್ನೊಂದು ಕಡೆ ದ್ರುಜ್, ಹಳೆಯ ಪರ್ಷಿಯನ್ನಿನಲ್ಲಿ ದ್ರೌಗ. ಕನ್ನಡಕ್ಕೆ ಸಂಸ್ಕೃತದಿಂದ ಬಂದ ‘ದ್ರೋಹ’ ಇದೇ ಬೇರಿನ ಮಾತು. ರಾಜದ್ರೋಹವೆಂದರೆ ಪ್ರಜೆ ಅರಸನಿಗೆ ಮಾಡುವ ತಪ್ಪು. ಯಿಮನ ಕಥೆಯಲ್ಲಿ ದ್ರೋಹ ಮಾಡಿದವನು ಅರಸನೇ.

ಒಂದು ಗೆಲುವು, ಹಲವು ದೇವರು

ಚರಿತ್ರೆಯ ಮೊದಲ ದೊಡ್ಡ ಪರ್ಷಿಯನ್ ಅರಸ ಸೈರಸ್ ಕ್ರಿ.ಪೂ. 550ರಲ್ಲಿ ಮೀಡಿಯದ ದೊರೆ ಅಸ್ತ್ಯಾಗಸ್‌ನನ್ನು ಸೋಲಿಸಿದ. ಮುಂದೆ ಲಿಡಿಯ ಬಿತ್ತು. 539ರಲ್ಲಿ ಬ್ಯಾಬಿಲೋನ್ ಬಾಗಿಲು ತೆರೆಯಿತು. ಆ ಗೆಲುವಿನ ಬಗ್ಗೆ ಬರೆಸಿದ ಶಾಸನವೊಂದು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದು ಸುಟ್ಟ ಜೇಡಿಮಣ್ಣಿನ, ಒಂದು ಗೇಣುದ್ದದ, ನಡು ಉಬ್ಬಿದ ಉರುಳೆ. ಅದರ ಮೈತುಂಬ ಬ್ಯಾಬಿಲೋನಿನ ಬೆಣೆಲಿಪಿ ಇದೆ. ಬ್ಯಾಬಿಲೋನಿನ ಕೊನೆಯ ಅರಸ ನಬೊನಿಡಸ್ ಪೂಜೆಯ ಕ್ರಮ ಕೆಡಿಸಿದ, ಜನರ ಮೇಲೆ ಬಿಟ್ಟಿ ದುಡಿಮೆ ಹೇರಿದ. ಆದ್ದರಿಂದ ಮರ್ದುಕ್ ದೇವರು ಕೋಪಗೊಂಡು ನಾಡುನಾಡುಗಳಲ್ಲಿ ನೀತಿವಂತ ಅರಸನನ್ನು ಹುಡುಕಿ ಸೈರಸ್‌ನ ಕೈಹಿಡಿದ ಎಂಬುದು ಅದರ ಸಾರ. ಜರತುಷ್ಟ್ರ ಧರ್ಮದ ಪರಮದೇವರಾದ ಅಹುರ ಮಜ್ದಾನ ಹೆಸರು ಅದರಲ್ಲೆಲ್ಲೂ ಇಲ್ಲ.

ಅದೇ ಗೆಲುವನ್ನು ಹೀಬ್ರೂ ಬೈಬಲ್ಲಿನ ಯೆಶಾಯನ ಗ್ರಂಥ ಬೇರೆ ಬಗೆಯಲ್ಲಿ ಹೇಳುತ್ತದೆ. ಅಲ್ಲಿ ಸೈರಸ್ ಯೆಹೋವನ ಅಭಿಷಿಕ್ತ. ಸೆರೆಯಲ್ಲಿದ್ದ ಯೆಹೂದಿಗಳನ್ನು ಬಿಡಿಸಲೆಂದೇ ದೇವರು ಅವನನ್ನು ಎಬ್ಬಿಸಿದ. ಯೆಹೋವನನ್ನು ಅರಿಯದಿದ್ದರೂ ಅವನು ಯೆಹೋವನ ಕೆಲಸ ಮಾಡಿದ ಎಂದು ಆ ಗ್ರಂಥ ಬಿಚ್ಚಿಯೇ ಹೇಳುತ್ತದೆ. ಹೀಗೆ ಒಂದೇ ದಂಡಯಾತ್ರೆಗೆ ಎರಡು ಜನಾಂಗಗಳ ದೇವರುಗಳು ಹಕ್ಕುದಾರರಾದರು. ಸೈರಸ್ ಯಾರ ಮಾತನ್ನೂ ಅಲ್ಲಗಳೆಯಲಿಲ್ಲ. ಅವನ ಆಳಿಕೆ ಗಟ್ಟಿಯಾದದ್ದಕ್ಕೆ ಇದೂ ಒಂದು ಕಾರಣ: ಸೋತ ನಾಡಿನವರು ಅವನ ಗೆಲುವನ್ನು ತಮ್ಮ ದೇವರ ತೀರ್ಪೆಂದೇ ಸ್ವೀಕರಿಸಲು ಅವನು ದಾರಿ ಬಿಟ್ಟ. ಆದರೆ ತತ್ತ್ವದ ದೃಷ್ಟಿಯಿಂದ ಒಂದು ಬಿರುಕು ಇಲ್ಲೇ ಕಾಣುತ್ತದೆ. ಗೆದ್ದವನನ್ನು ಎಲ್ಲ ದೇವರೂ ಆರಿಸಿದ್ದರೆ, ಆಯ್ಕೆ ಎಂಬ ಮಾತಿಗೆ ಗೆಲುವಿಗಿಂತ ಹೆಚ್ಚಿನ ಅರ್ಥ ಏನು ಉಳಿಯಿತು?

ಬೆಹಿಸ್ತುನ್: ಸತ್ಯವನ್ನು ಕೆತ್ತಿಸಿದ ಬಂಡೆ

ಸೈರಸ್‌ನ ಮಗ ಕ್ಯಾಂಬಿಸಸ್ ಕ್ರಿ.ಪೂ. 525ರಲ್ಲಿ ಈಜಿಪ್ಟನ್ನು ಗೆದ್ದು 522ರಲ್ಲಿ ತೀರಿಕೊಂಡ. ಅಷ್ಟರಲ್ಲಿ ಅವನ ತಮ್ಮ ಬರ್ದಿಯ ಎಂಬ ಹೆಸರಿನಲ್ಲಿ ಒಬ್ಬ ಸಿಂಹಾಸನ ಏರಿದ್ದ. ಅದೇ ವರ್ಷ ಡೇರಿಯಸ್ ಎಂಬ ಸರದಾರ ಇನ್ನೂ ಆರು ಮಂದಿ ಸರದಾರರ ಜೊತೆಗೂಡಿ ಅವನನ್ನು ಕೊಂದು ತಾನೇ ಅರಸನಾದ. ಸತ್ತವನು ನಿಜವಾದ ಬರ್ದಿಯನೇ ಅಲ್ಲ, ಗೌಮಾತನೆಂಬ ಪುರೋಹಿತ. ನಿಜವಾದ ಬರ್ದಿಯನನ್ನು ಕ್ಯಾಂಬಿಸಸ್ ಮೊದಲೇ ಗುಟ್ಟಾಗಿ ಕೊಲ್ಲಿಸಿದ್ದ ಎಂದು ಡೇರಿಯಸ್ ಸಾರಿದ.

ಈ ಸಾರಿಕೆ ಪಶ್ಚಿಮ ಇರಾನಿನ ಬೆಹಿಸ್ತುನ್ ಬೆಟ್ಟದ ಕಡಿದಾದ ಮೈಯಲ್ಲಿ, ಹೆದ್ದಾರಿಯ ಮೇಲೆ ಎತ್ತರದಲ್ಲಿ, ಹಳೆಯ ಪರ್ಷಿಯನ್, ಎಲಮೈಟ್ ಮತ್ತು ಬ್ಯಾಬಿಲೋನಿಯನ್ ಭಾಷೆಗಳಲ್ಲಿ ಕೆತ್ತಲ್ಪಟ್ಟಿತು. ಬರಹದ ನಡುವೆ ಒಂದು ಉಬ್ಬುಶಿಲ್ಪವಿದೆ. ಆಳೆತ್ತರದ ಡೇರಿಯಸ್ ಎಡಗೈಯಲ್ಲಿ ಬಿಲ್ಲು ಹಿಡಿದು ನಿಂತಿದ್ದಾನೆ. ಅಂಗಾತ ಬಿದ್ದ ಗೌಮಾತನ ಎದೆಯ ಮೇಲೆ ಅವನ ಕಾಲು. ಎದುರಿಗೆ ಒಂಬತ್ತು ಜನ ಬಂಡಾಯಗಾರರು, ಕೈಗಳನ್ನು ಬೆನ್ನಿಗೆ ಕಟ್ಟಿಸಿಕೊಂಡು, ಕೊರಳಿಂದ ಕೊರಳಿಗೆ ಒಂದೇ ಹಗ್ಗ ಹಾಯಿಸಿಕೊಂಡು ಸಾಲಾಗಿ ನಿಂತಿದ್ದಾರೆ. ಕೊನೆಯವನ ತಲೆಯ ಮೇಲೆ ಶಕರ ಉದ್ದನೆಯ ಚೂಪು ಟೋಪಿ. ಎಲ್ಲರ ಮೇಲೆ ರೆಕ್ಕೆಯುಳ್ಳ ಮಂಡಲದಿಂದ ಅಹುರ ಮಜ್ದಾ ಅರಸನತ್ತ ಬಳೆಯೊಂದನ್ನು ಚಾಚಿದ್ದಾನೆ. ಒಂದೇ ವರ್ಷದಲ್ಲಿ 19 ಕದನ ಮಾಡಿ 9 ಅರಸರನ್ನು ಹಿಡಿದೆನೆಂದು ಬರಹ ಹೇಳುತ್ತದೆ. ಶಕನೊಬ್ಬನನ್ನು ಬಿಟ್ಟು ಪ್ರತಿ ಬಂಡಾಯಗಾರನ ಹೆಸರಿನ ಜೊತೆ ಬರುವ ಆರೋಪ ಒಂದೇ: ಅವನು ಸುಳ್ಳಾಡಿದ. ನಾಡಿನಲ್ಲಿ ದ್ರೌಗ ಹೆಚ್ಚಿದ್ದರಿಂದಲೇ ದಂಗೆ ಎದ್ದಿತು, ಮುಂದೆ ಅರಸನಾಗುವವನು ಸುಳ್ಳಿನಿಂದ ತನ್ನನ್ನು ಕಾಪಾಡಿಕೊಳ್ಳಬೇಕು ಎಂಬುದು ಡೇರಿಯಸ್‌ನ ಉಪದೇಶ.

ಯಿಮನ ಕಥೆಯ ತತ್ತ್ವ ಇಲ್ಲಿ ತಿರುಗುಮುರುಗಾಗಿದೆ. ಅಲ್ಲಿ ಸತ್ಯ ಅರಸನನ್ನು ಅಳೆಯುವ ಕೋಲು; ಇಲ್ಲಿ ಆ ಕೋಲು ಅರಸನ ಕೈಗೆ ಬಂದಿದೆ. ಡೇರಿಯಸ್ ಕೊಂದವನು ನಿಜವಾದ ಬರ್ದಿಯನೇ ಆಗಿದ್ದ, ಗೌಮಾತನ ಕಥೆಯೇ ಕಟ್ಟುಕಥೆ ಎಂದು ಇಂದಿನ ಹಲವು ಇತಿಹಾಸಕಾರರು ಶಂಕಿಸುತ್ತಾರೆ. ಶಂಕೆಗೆ ಆಧಾರ ಡೇರಿಯಸ್‌ನ ಬರಹಗಳಲ್ಲೇ ಸಿಗುತ್ತದೆ. ಅಹುರ ಮಜ್ದಾ ತನ್ನನ್ನು ಅರಸನನ್ನಾಗಿ ಮಾಡಿದಾಗ ತನ್ನ ತಂದೆ ವಿಷ್ತಾಸ್ಪ ಮತ್ತು ಅಜ್ಜ ಅರ್ಷಾಮ ಇಬ್ಬರೂ ಬದುಕಿದ್ದರೆಂದು ಅವನು ಸೂಸಾದ ಶಾಸನದಲ್ಲಿ ಹೇಳಿದ್ದಾನೆ. ವಂಶದ ಹಕ್ಕಿನಿಂದಲೇ ಪಟ್ಟ ಬರುವುದಾದರೆ ಅವರಿಗೆ ಮೊದಲು ಬರಬೇಕಿತ್ತು. ಆದ್ದರಿಂದ ಅವನಿಗೆ ದೈವದ ಆಯ್ಕೆಯೇ ದೊಡ್ಡ ಆಸರೆ. ಪರ್ಷಿಯನ್ನರು ಮಕ್ಕಳಿಗೆ ಐದರಿಂದ ಇಪ್ಪತ್ತರ ವಯಸ್ಸಿನವರೆಗೆ ಕುದುರೆ ಸವಾರಿ, ಬಿಲ್ಲುವಿದ್ಯೆ, ಸತ್ಯ ನುಡಿಯುವುದು ಎಂಬ ಮೂರನ್ನು ಮಾತ್ರ ಕಲಿಸುತ್ತಾರೆಂದು ಬರೆದ ಗ್ರೀಕ್ ಇತಿಹಾಸಕಾರ ಹೆರೊಡೊಟಸ್, ಅದೇ ಗ್ರಂಥದಲ್ಲಿ ಡೇರಿಯಸ್‌ನ ಬಾಯಿಂದ ಬೇರೆ ಮಾತು ಆಡಿಸುತ್ತಾನೆ: ಸುಳ್ಳು ಬೇಕಾದಲ್ಲಿ ಸುಳ್ಳು ಹೇಳಬೇಕು, ಸತ್ಯವಂತನಿಗೂ ಸುಳ್ಳನಿಗೂ ಇರುವ ಗುರಿ ಒಂದೇ ಎಂಬ ವಾದವದು.

ಆದರೂ ಡೇರಿಯಸ್‌ನ ಸತ್ಯವನ್ನು ಬರೀ ಪ್ರಚಾರವೆಂದು ತಳ್ಳಿಹಾಕುವಂತಿಲ್ಲ. ನಕ್ಷ್-ಇ-ರುಸ್ತಮ್‌ನಲ್ಲಿರುವ ಅವನ ಗೋರಿಯ ಬರಹ ಅರಸನ ನಡತೆಗೆ ನಿಯಮ ಹಾಕುತ್ತದೆ: ಬಲ್ಲಿದ ಬಡವನಿಗೆ ಕೇಡು ಮಾಡಬಾರದು, ಬಡವ ಬಲ್ಲಿದನಿಗೂ ಮಾಡಬಾರದು, ಸಿಟ್ಟನ್ನು ಹಿಡಿತದಲ್ಲಿಟ್ಟುಕೊಳ್ಳಬೇಕು, ಒಬ್ಬನ ಮೇಲೆ ಇನ್ನೊಬ್ಬ ಹೇಳಿದ ದೂರನ್ನು ವಿಚಾರಿಸದೆ ನಂಬಬಾರದು. ಪರ್ಸೆಪೊಲಿಸ್‌ನ ಒಂದು ಶಾಸನದಲ್ಲಿ ಅವನು ನಾಡನ್ನು ಶತ್ರುಸೇನೆಯಿಂದ, ಬರಗಾಲದಿಂದ, ಸುಳ್ಳಿನಿಂದ ಕಾಯುವಂತೆ ಅಹುರ ಮಜ್ದಾನನ್ನು ಬೇಡುತ್ತಾನೆ. ಸುಳ್ಳನ್ನು ಬರಗಾಲದ ಸಾಲಿನಲ್ಲಿ ನಿಲ್ಲಿಸಿದ ಆಡಳಿತ ಅದು.

ಈ ಅರಸರ ಶಾಸನಗಳಲ್ಲಿ ಜರತುಷ್ಟ್ರನ ಹೆಸರು ಬರುವುದಿಲ್ಲ. ಅವರು ಅವನ ಧರ್ಮದವರೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಪರ್ಸೆಪೊಲಿಸ್‌ನ ಕೋಟೆಗೋಡೆಯಲ್ಲಿ 1933–34ರಲ್ಲಿ ಸಿಕ್ಕ ಸಾವಿರಾರು ಮಣ್ಣಿನ ಹಲಗೆಗಳು ಅರಮನೆಯ ಉಗ್ರಾಣದ ಲೆಕ್ಕಗಳು. ಅವುಗಳ ಪ್ರಕಾರ ಧಾನ್ಯ, ಮದ್ಯ ಅಹುರ ಮಜ್ದಾನ ಪೂಜೆಗೂ ಹೋಗುತ್ತಿತ್ತು. ಹುಂಬನ್ ಎಂಬ ಎಲಮೈಟ್ ದೇವರಿಗೂ, ನದಿ ಬೆಟ್ಟಗಳಿಗೂ ಅದೇ ಉಗ್ರಾಣದಿಂದ ಪಡಿ ಸಲ್ಲುತ್ತಿತ್ತು. ಡೇರಿಯಸ್‌ನ ಮಗ ಕ್ಸರ್ಕ್ಸಿಸ್ ಮಾತ್ರ ಹಳೆಯ ಪರ್ಷಿಯನ್ನಿನಲ್ಲಿ ‘ದೈವ’ ಎಂದು ಕರೆದ ಸುಳ್ಳುದೇವರುಗಳ ನೆಲೆಯೊಂದನ್ನು ಕೆಡವಿ ಅಲ್ಲಿ ಅಹುರ ಮಜ್ದಾನನ್ನು ಪೂಜಿಸಿದೆನೆಂದು ಬರೆಸಿದ.

ಅಕೆಮೆನಿಡರ ಅಂತ್ಯದ ಕಾರಣಗಳು ಇಹದವು: ಅರಮನೆಯ ಕೊಲೆಗಳು, ಪ್ರಾಂತಾಧಿಪತಿಗಳ ದಂಗೆಗಳು, ಕೈತಪ್ಪಿ ಹೋದ ಈಜಿಪ್ಟನ್ನು ಮತ್ತೆ ಗೆಲ್ಲಲು ಆದ ವೆಚ್ಚ. ಕ್ರಿ.ಪೂ. 331ರಲ್ಲಿ ಗೌಗಮೇಲದಲ್ಲಿ ಅಲೆಕ್ಸಾಂಡರ್ ಗೆದ್ದ. 330ರಲ್ಲಿ ಪರ್ಸೆಪೊಲಿಸ್ ಉರಿದುಹೋಯಿತು. ಮೂರನೆಯ ಡೇರಿಯಸ್‌ನನ್ನು ಅವನ ಪ್ರಾಂತಾಧಿಪತಿ ಬೆಸಸ್‌ನ ಕಡೆಯವರೇ ಇರಿದರು. ಅಲೆಕ್ಸಾಂಡರ್ ಸತ್ತ ಅರಸನಿಗೆ ರಾಜಮರ್ಯಾದೆಯ ಸಂಸ್ಕಾರ ಮಾಡಿಸಿ, ಬೆಸಸ್‌ನನ್ನು ದ್ರೋಹಿಯೆಂದು ಶಿಕ್ಷಿಸಿ, ಪರ್ಷಿಯನ್ ಉಡುಪು ತೊಟ್ಟ. ದ್ರೋಹವನ್ನು ದಂಡಿಸುವವನೇ ಅರಸ ಎಂಬ ಬೆಹಿಸ್ತುನ್‌ನ ವ್ಯಾಕರಣವನ್ನು ಅವನು ಬೇಗ ಕಲಿತಿದ್ದ. ಆದರೆ ಜರತುಷ್ಟ್ರ ಧರ್ಮದ ಪುರೋಹಿತರು ಅವನನ್ನು ಒಪ್ಪಲಿಲ್ಲ. ಅವರ ಪಹ್ಲವಿ, ಅಂದರೆ ನಡುಗಾಲದ ಪರ್ಷಿಯನ್, ಗ್ರಂಥಗಳಲ್ಲಿ ಅವನು ‘ಶಾಪಗ್ರಸ್ತ’, ಅವೆಸ್ತಾವನ್ನು ಸುಟ್ಟವನು. ಗೆದ್ದವನಿಗೆಲ್ಲ ದೈವ ಒಲಿದಿದೆ ಎಂಬ ಮಾತನ್ನು ಆ ಪರಂಪರೆ ನಿರಾಕರಿಸಿದ್ದು ಇಲ್ಲಿ.

ಅಳಿಸಿದ ಕಾಲ

ಅಲೆಕ್ಸಾಂಡರ್‌ನ ಬಳಿಕ ಗ್ರೀಕ್ ಸೆಲ್ಯೂಸಿಡರು ಆಳಿದರು. ಕ್ರಿ.ಪೂ. 247ರ ಸುಮಾರಿಗೆ ಈಶಾನ್ಯದಲ್ಲಿ ತಲೆಯೆತ್ತಿದ ಅರ್ಸಾಸಿಡರು ಅವರನ್ನು ಮೆಲ್ಲಗೆ ಹಿಂದಕ್ಕೊತ್ತಿ ಕ್ರಿ.ಶ. 224ರವರೆಗೆ ಬಾಳಿದರು. 470 ವರ್ಷಗಳ ಈ ಆಳಿಕೆ ಮೂರು ವಂಶಗಳಲ್ಲಿ ಅತಿ ಉದ್ದದ್ದು. ಕ್ರಿ.ಪೂ. 53ರಲ್ಲಿ ಕಾರ್ರೆಯಲ್ಲಿ ರೋಮಿನ ಕ್ರಾಸಸ್‌ನ ಸೈನ್ಯವನ್ನು ನುಚ್ಚುನೂರು ಮಾಡಿದವರು ಇವರೇ. ಇವರ ನಾಣ್ಯಗಳ ಮೇಲೆ ಗ್ರೀಕ್ ಬರಹ, ಅರಸ ‘ಗ್ರೀಕರ ಗೆಳೆಯ’ನೆಂಬ ಬಿರುದು. ಸಣ್ಣ ಅರಸರನ್ನು ಅವರವರ ನೆಲೆಯಲ್ಲಿ ಬಿಟ್ಟು ಮೇಲಿಂದ ಆಳಿದವರು ಇವರು.

ಮುಂದೆ ಬಂದ ಸಸಾನಿಡರು ಈ ವಂಶವನ್ನು ನೆನಪಿನಿಂದಲೇ ಕತ್ತರಿಸಿದರು. ಅವರ ಕಾಲದ ಐತಿಹ್ಯದಲ್ಲಿ ಅರ್ಸಾಸಿಡರ ಆಳಿಕೆ ಹೆಚ್ಚುಕಡಿಮೆ ಅರ್ಧಕ್ಕೆ ಕುಗ್ಗಿತು. ‘ಶಾಹನಾಮೆ’ಯಲ್ಲೂ ಅವರಿಗೆ ದಕ್ಕಿದ್ದು ಬೆರಳೆಣಿಕೆಯ ಪದ್ಯಗಳು. 10ನೆಯ ಶತಮಾನದ ಅರಬ್ಬಿ ಇತಿಹಾಸಕಾರ ಅಲ್-ಮಸೂದಿ ಇದಕ್ಕೊಂದು ಕಾರಣ ಕೊಡುತ್ತಾನೆ. ಜರತುಷ್ಟ್ರನಾಗಿ ಸಾವಿರ ವರ್ಷಕ್ಕೆ ಧರ್ಮವೂ ರಾಜ್ಯವೂ ಅಳಿಯುತ್ತವೆಂಬ ಭವಿಷ್ಯವಾಣಿ ಇತ್ತು. ಗಡುವು ಹತ್ತಿರವಾಗಿದೆಯೆಂದು ಜನ ಎದೆಗುಂದಬಾರದೆಂದು ಸಸಾನಿಡರ ಮೊದಲ ಅರಸ ಅರ್ದಶೀರ್ ನಡುವಿನ ವರ್ಷಗಳನ್ನು ಲೆಕ್ಕದಿಂದ ಇಳಿಸಿದ. ಸುಳ್ಳಿಗೆ ಹೆದರಿದ ಧರ್ಮವನ್ನು ಉಳಿಸಲು ಕಾಲದ ಲೆಕ್ಕವೇ ಸುಳ್ಳಾಯಿತು.

ಟಗರು, ಉಂಗುರ, ಬೆಂಕಿ

ಸಸಾನ್ ವಂಶದ ಅರ್ದಶೀರ್ ಕ್ರಿ.ಶ. 224ರಲ್ಲಿ ಕೊನೆಯ ಅರ್ಸಾಸಿಡ್ ಸಾಮ್ರಾಟ ಅರ್ದವಾನನನ್ನು ರಣದಲ್ಲಿ ಕೊಂದ. ಅವನ ಏಳಿಗೆಯನ್ನು ಹೇಳುವ ‘ಕಾರ್ನಾಮಗ್’ ಎಂಬ ಪಹ್ಲವಿ ಕಥೆಯಲ್ಲಿ ಖ್ವರೆನ ಟಗರಾಗಿ ಬರುತ್ತದೆ. ಅರ್ದವಾನನ ಆಸ್ಥಾನದಿಂದ ಅರ್ದಶೀರ್ ಒಬ್ಬ ಹೆಣ್ಣಿನೊಡನೆ ಕುದುರೆಯೇರಿ ಓಡಿಹೋಗುತ್ತಾನೆ. ಬೆನ್ನಟ್ಟಿದ ಅರ್ದವಾನ ದಾರಿಯಲ್ಲಿ ಸಿಕ್ಕವರನ್ನು ಕೇಳುತ್ತಾನೆ. ಇಬ್ಬರು ಗಾಳಿಯಂತೆ ಹೋದರು, ಹಿಂದೆ ಒಂದು ದೊಡ್ಡ ಟಗರು ಓಡುತ್ತಿತ್ತು ಎನ್ನುತ್ತಾರೆ ಜನ. ಮುಂದೆ ಹೋದಾಗ ಬಂದ ಉತ್ತರ: ಟಗರು ಸವಾರನ ಜೊತೆ ಕುದುರೆಯ ಮೇಲೇ ಕುಳಿತಿದೆ. ಆಗ ಮಂತ್ರಿ ಅರಸನಿಗೆ ಹೇಳುತ್ತಾನೆ, ತೇಜಸ್ಸು ಅವನನ್ನು ಸೇರಿಯಾಯಿತು, ಇನ್ನು ಅಟ್ಟಿ ಫಲವಿಲ್ಲ. ಈ ಕಥೆಯಲ್ಲಿ ಅರ್ದವಾನ ಯಾವ ಸುಳ್ಳನ್ನೂ ಆಡಿಲ್ಲ. ಅವನ ಕಾಲ ಮುಗಿದಿದೆ, ಅಷ್ಟೇ. ತೇಜಸ್ಸು ಇಲ್ಲಿ ನೀತಿಯಿಂದ ಒಂದು ಹೆಜ್ಜೆ ವಿಧಿಯ ಕಡೆಗೆ ಸರಿದಿದೆ.

ನಕ್ಷ್-ಇ-ರುಸ್ತಮ್‌ನ ಬಂಡೆಯಲ್ಲಿ ಅರ್ದಶೀರ್ ಕೆತ್ತಿಸಿದ ಪಟ್ಟಾಭಿಷೇಕದ ಶಿಲ್ಪ ಇನ್ನೂ ಮುಂದೆ ಹೋಗುತ್ತದೆ. ಎರಡು ಕುದುರೆಗಳು ಮೂತಿಗೆ ಮೂತಿ ತಾಗಿಸಿ ನಿಂತಿವೆ. ಒಂದರ ಮೇಲೆ ಅರ್ದಶೀರ್, ಇನ್ನೊಂದರ ಮೇಲೆ ಓರ್ಮಜ್ದ್, ಅಂದರೆ ಅಹುರ ಮಜ್ದಾ. ದೇವರು ಅರಸನಿಗೆ ಉಂಗುರಾಕಾರದ ಪಟ್ಟಿಯನ್ನು ನೀಡುತ್ತಿದ್ದಾನೆ. ಇಬ್ಬರದೂ ಒಂದೇ ಎತ್ತರ. ಅರಸನ ಕುದುರೆಯ ಗೊರಸಿನ ಕೆಳಗೆ ಅರ್ದವಾನ, ದೇವರ ಕುದುರೆಯ ಗೊರಸಿನ ಕೆಳಗೆ ದುಷ್ಟಶಕ್ತಿ ಅಹ್ರಿಮನ್. ಸೋತ ಅರಸ ಮತ್ತು ಲೋಕದ ಕೇಡು ಒಂದೇ ತಕ್ಕಡಿಯಲ್ಲಿ ಬಿದ್ದರು. ರಾಜಕೀಯದ ಎದುರಾಳಿ ಸೃಷ್ಟಿಯ ಎದುರಾಳಿಯಾದ.

ಧರ್ಮ ಮತ್ತು ಅರಸುತನ ಅವಳಿಗಳು, ಒಂದಿಲ್ಲದೆ ಇನ್ನೊಂದು ನಿಲ್ಲದು ಎಂಬ ಮಾತನ್ನು ಪರಂಪರೆ ಅರ್ದಶೀರ್‌ಗೆ ಕಟ್ಟಿದೆ. ಮೂರನೆಯ ಶತಮಾನದ ಕೊನೆಗೆ ಮಹಾಪುರೋಹಿತ ಕರ್ತೀರ್ ಈ ಮಾತಿಗೆ ಕೈಕಾಲು ಕೊಟ್ಟ. ಯೆಹೂದಿಗಳು, ಬೌದ್ಧ ಶ್ರಮಣರು, ಬ್ರಾಹ್ಮಣರು, ಕ್ರೈಸ್ತರು, ಮಾನಿಯ ಅನುಯಾಯಿಗಳು ಇವರನ್ನೆಲ್ಲ ನಾಡಿನಲ್ಲಿ ಬಡಿದು ಅಡಗಿಸಿದೆನೆಂದು ಅವನೇ ಶಾಸನ ಬರೆಸಿದ. ಪ್ರವಾದಿ ಮಾನಿ ಸೆರೆಮನೆಯಲ್ಲಿ ಸತ್ತದ್ದೂ ಆ ಕಾಲದಲ್ಲೇ. ಆದರೆ ಅವಳಿ ಸಿದ್ಧಾಂತಕ್ಕೆ ಎರಡು ಅಲಗು. ಐದನೆಯ ಶತಮಾನದ ಕೊನೆಗೆ ಆಸ್ತಿಯ ಹಂಚಿಕೆಯನ್ನು ಬೋಧಿಸಿದ ಮಜ್ದಕನಿಗೆ ಅರಸ ಕವಾದ್ ಬೆಂಬಲ ಕೊಟ್ಟಾಗ, ಪುರೋಹಿತರೂ ಸರದಾರರೂ ಸೇರಿ ಅರಸನನ್ನೇ ಸೆರೆಗೆ ಹಾಕಿದರು. ಮುಂದೆ ಅವನ ಮಗ ಒಂದನೆಯ ಖುಸ್ರೋ ಮಜ್ದಕನ ಅನುಯಾಯಿಗಳನ್ನು ಕೊಲ್ಲಿಸಿ 531ರಿಂದ 579ರವರೆಗೆ ಆಳಿ ‘ನ್ಯಾಯವಂತ’ನೆಂಬ ಹೆಸರು ಪಡೆದ.

ಸಸಾನಿಡರ ನಾಣ್ಯಗಳಲ್ಲಿ ಒಂದು ಬದಿಗೆ ಅರಸನ ಮುಖ, ಇನ್ನೊಂದು ಬದಿಗೆ ಬೆಂಕಿಯ ವೇದಿ. ಪಟ್ಟವೇರಿದ ಅರಸನ ಹೆಸರಿನಲ್ಲಿ ಒಂದು ಬೆಂಕಿ ಹೊತ್ತಿಸುವುದು ವಾಡಿಕೆ. ಬೀಶಾಪುರದ ಒಂದು ಶಾಸನ ತನ್ನ ಕಾಲವನ್ನು ಹೇಳುವ ರೀತಿ ಹೀಗಿದೆ: ವರ್ಷ 58, ಅರ್ದಶೀರನ ಬೆಂಕಿಗೆ 40 ವರ್ಷ, ಅವನ ಮಗ ಶಾಪೂರನ ಬೆಂಕಿಗೆ 24 ವರ್ಷ. ಅರಸ ಸತ್ತ ಮೇಲೂ ಅವನ ಬೆಂಕಿಗೆ ವಯಸ್ಸಾಗುತ್ತಲೇ ಇತ್ತು.

ತೂಗುಹಾಕಿದ ಕಿರೀಟ

590ರಲ್ಲಿ ಬಹ್ರಾಮ್ ಚೋಬೀನ್ ಎಂಬ ಸೇನಾಪತಿ, ಸಸಾನ್ ರಕ್ತದವನಲ್ಲದಿದ್ದರೂ, ಸಿಂಹಾಸನ ಹಿಡಿದ. ಆಗಷ್ಟೇ ಪಟ್ಟವೇರಿದ್ದ ಎರಡನೆಯ ಖುಸ್ರೋ ಶತ್ರುವಾದ ಬೈಜಾಂಟಿಯಂಗೆ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯಕ್ಕೆ, ಓಡಿ, ಅವರ ಸೈನ್ಯದ ನೆರವಿನಿಂದ ಮರುವರ್ಷ ಪಟ್ಟಕ್ಕೆ ಮರಳಿದ. ಅಪ್ಪಟ ಇರಾನಿನ ತೇಜಸ್ಸು ರೋಮನರ ಕತ್ತಿಯ ಆಸರೆಯಲ್ಲಿ ಮನೆಗೆ ಬಂದಂತಾಯಿತು. ಅದೇ ಖುಸ್ರೋ 602ರಿಂದ ಬೈಜಾಂಟಿಯಂನ ಮೇಲೆ ಯುದ್ಧ ಸಾರಿ 614ರಲ್ಲಿ ಜೆರುಸಲೇಮಿನಿಂದ ಕ್ರೈಸ್ತರ ಪವಿತ್ರ ಶಿಲುಬೆಯನ್ನು ಹೊತ್ತುತಂದ. ಈಜಿಪ್ಟ್ ಕೂಡ ಅವನ ಕೈಗೆ ಬಂತು. ರಾಜಧಾನಿ ಟೆಸಿಫೋನಿನ ದರ್ಬಾರಿನಲ್ಲಿ ಸಸಾನಿಡರ ಕಿರೀಟ ತಲೆಯ ಮೇಲೆ ಹೊರಲಾರದಷ್ಟು ಭಾರವಾಗಿತ್ತೆಂದೂ, ಅದನ್ನು ಚಾವಣಿಯಿಂದ ಸರಪಳಿಯಲ್ಲಿ ತೂಗುಹಾಕಿ ಅರಸ ಅದರ ಕೆಳಗೆ ತಲೆಯಿಟ್ಟು ಕೂರುತ್ತಿದ್ದನೆಂದೂ ಅರಬ್ಬಿ ಗ್ರಂಥಗಳು ಹೇಳುತ್ತವೆ.

ಇತಿಹಾಸಕಾರ ತಬರಿ ಖುಸ್ರೋನ ಆಳಿಕೆಯ 36ನೆಯ ವರ್ಷದಲ್ಲಿ ಭಾರತದ ಅರಸನೊಬ್ಬ ಕಾಣಿಕೆ ಮತ್ತು ಓಲೆಗಳನ್ನು ಕಳಿಸಿದ್ದನ್ನು ದಾಖಲಿಸಿದ್ದಾನೆ. ಆ ಅರಸ ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಕೇಶಿ ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ತಬರಿಯ ಪ್ರಕಾರ ರಾಜಕುಮಾರ ಶೀರೂಯನಿಗೆ ಬಂದ ಗುಟ್ಟಿನ ಓಲೆಯಲ್ಲಿ, ತಂದೆಯ 38ನೆಯ ವರ್ಷದಲ್ಲಿ ನಿನಗೆ ಪಟ್ಟವಾಗುತ್ತದೆಂಬ ಭವಿಷ್ಯವಿತ್ತು. ಘಟನೆ ನಡೆದ ಮೇಲೆ ಸೇರಿಸಿದ ಕಥೆಯ ವಾಸನೆ ಇದಕ್ಕಿದೆ; ಪತನಕ್ಕೆ ಮೊದಲೇ ಸೂಚನೆ ಇದ್ದಿರಬೇಕೆಂಬ ನಂಬಿಕೆ ಇಂಥ ಕಥೆಗಳನ್ನು ಹುಟ್ಟಿಸುತ್ತದೆ.

627ರಲ್ಲಿ ಬೈಜಾಂಟಿಯಂನ ಚಕ್ರವರ್ತಿ ಹೆರಾಕ್ಲಿಯಸ್ ನಿನೆವೆಯ ಬಳಿ ಗೆದ್ದು ಮುಂದೊತ್ತಿ ಬಂದ. 628ರ ಫೆಬ್ರವರಿಯಲ್ಲಿ ಶೀರೂಯ ತಂದೆಯನ್ನು ಸೆರೆಗೆ ತಳ್ಳಿದ. ಆಮೇಲೆ ನಡೆದದ್ದನ್ನು ತಬರಿ ವಿವರವಾಗಿ ಹೇಳಿದ್ದಾನೆ. ಮಗ ತಂದೆಗೆ ಆರೋಪಗಳ ಪಟ್ಟಿ ಕಳಿಸಿದ: ಸ್ವಂತ ತಂದೆಯ ಸಾವಿಗೆ ಕಾರಣನಾದದ್ದು, ಗಂಡುಮಕ್ಕಳನ್ನು ಕೂಡಿಹಾಕಿದ್ದು, ತೆರಿಗೆಯ ಬಾಕಿಯನ್ನು ಕ್ರೂರವಾಗಿ ಕಿತ್ತದ್ದು, ಸೈನಿಕರನ್ನು ವರ್ಷಗಟ್ಟಲೆ ಹೆಂಡಿರುಮಕ್ಕಳಿಂದ ದೂರ ಗಡಿಯಲ್ಲಿಟ್ಟದ್ದು, ಉಪಕಾರ ಮಾಡಿದ ಬೈಜಾಂಟಿಯಂಗೆ ಕೃತಘ್ನನಾದದ್ದು. ಖುಸ್ರೋ ಒಂದೊಂದಕ್ಕೂ ಉತ್ತರ ಕೊಟ್ಟ. ಆಮೇಲೆ ಅವನನ್ನು ಕೊಲ್ಲಲಾಯಿತು. ತೀರ್ಪು ಮೊದಲೇ ಬರೆದಿದ್ದ ವಿಚಾರಣೆ ಇದು, ನಿಜ. ಆದರೆ ಅರಸನನ್ನು ಇಳಿಸುವುದಕ್ಕೆ ಕತ್ತಿ ಸಾಲದು, ಅವನ ತಪ್ಪುಗಳ ಪಟ್ಟಿ ಬೇಕು ಎಂದು ಎರಡೂ ಕಡೆಯವರು ಒಪ್ಪಿದ್ದರು. ಪಟ್ಟಿಯಲ್ಲಿ ಪ್ರಜೆಯ ತೆರಿಗೆಗೂ ಸೈನಿಕನ ಸಂಸಾರಕ್ಕೂ ಜಾಗವಿತ್ತು. ಯಿಮನ ಕಥೆ ಸಾವಿರ ವರ್ಷ ನೆಲದೊಳಗೆ ಹರಿದು ಇಲ್ಲಿ ಮೇಲೆದ್ದಿದೆ.

ಮುಂದಿನ ನಾಲ್ಕು ವರ್ಷಗಳಲ್ಲಿ ಸುಮಾರು ಹತ್ತು ಮಂದಿ ಪಟ್ಟವೇರಿ ಇಳಿದರು. ಅವರಲ್ಲಿ ಬೋರಾನ್ ಮತ್ತು ಆಜರ್ಮೀದುಖ್ತ್ ಎಂಬ ಇಬ್ಬರು ಖುಸ್ರೋನ ಹೆಣ್ಣುಮಕ್ಕಳು. 632ರಲ್ಲಿ ಬಾಲಕ ಮೂರನೆಯ ಯಜ್ದ್‌ಗಿರ್ದ್‌ಗೆ ಕಿರೀಟ ಬಂತು. ದಂಡೆತ್ತಿ ಬಂದ ಅರಬ್ಬರು ಕಾದಿಸಿಯದಲ್ಲಿ ಗೆದ್ದರು, ಟೆಸಿಫೋನ್ ಬಿತ್ತು, 642ರಲ್ಲಿ ನಹಾವಂದ್‌ನಲ್ಲಿ ಕೊನೆಯ ದೊಡ್ಡ ಸೈನ್ಯ ಚದುರಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಪಲ್ಲವರ ಕೈಯಲ್ಲಿ ಬಾದಾಮಿಯೂ ಬಿದ್ದು ಪುಲಕೇಶಿಯ ಆಳಿಕೆ ಮುಗಿಯಿತು. ಊರಿಂದೂರಿಗೆ ಅಲೆದ ಯಜ್ದ್‌ಗಿರ್ದ್ 651ರಲ್ಲಿ ಮರ್ವ್ ಬಳಿ ಒಂದು ಹಿಟ್ಟಿನ ಗಿರಣಿಯಲ್ಲಿ ಅಡಗಿದ್ದಾಗ ಕೊಲೆಯಾದ. ಕೊಂದವನು ಗಿರಣಿಯವನೆಂದೇ ಐತಿಹ್ಯ.

ಅರಸರಿಲ್ಲದ ತೇಜಸ್ಸು

ಧರ್ಮವೂ ಅರಸುತನವೂ ಅವಳಿಗಳಾದರೆ, ಒಂದು ಸತ್ತ ಮೇಲೆ ಇನ್ನೊಂದರ ಗತಿಯೇನು? ಸೋತ ಪುರೋಹಿತರು ಇದಕ್ಕೆ ಕಾಲದ ಸಿದ್ಧಾಂತದಲ್ಲಿ ಉತ್ತರ ಹುಡುಕಿದರು. ‘ಜಂದ್-ಇ ವಹ್ಮನ್ ಯಸ್ನ್’ ಎಂಬ ಪಹ್ಲವಿ ಗ್ರಂಥದಲ್ಲಿ ಜರತುಷ್ಟ್ರನಿಗೆ ಒಂದು ಮರ ಕಾಣಿಸುತ್ತದೆ. ಅದಕ್ಕೆ ನಾಲ್ಕು ಕೊಂಬೆ: ಚಿನ್ನ, ಬೆಳ್ಳಿ, ಉಕ್ಕು, ಕಡೆಗೆ ಬೆರಕೆ ಕಬ್ಬಿಣ. ಮೊದಲ ಮೂರು ಧರ್ಮಿಷ್ಠ ಅರಸರ ಕಾಲಗಳು, ನಾಲ್ಕನೆಯದು ತಲೆಗೂದಲು ಕೆದರಿದ ದುಷ್ಟರ ಆಳಿಕೆ. ಮೇಲ್ನೋಟಕ್ಕೆ ಇದು ಭಾರತದ ನಾಲ್ಕು ಯುಗಗಳಂತೆಯೇ ಇದೆ. ಆದರೆ ಯುಗಗಳ ಚಕ್ರ ಮತ್ತೆ ಕೃತಯುಗಕ್ಕೆ ತಿರುಗುತ್ತದೆ. ಇರಾನಿನ ಕಾಲ ತಿರುಗುವುದಿಲ್ಲ. ಅದು ಫ್ರಷೋಕೆರೆತಿ ಎಂಬ ಕೊನೆಯ ನವೀಕರಣದತ್ತ ನೇರ ಸಾಗಿ, ಸುಳ್ಳು ಇಲ್ಲವಾಗಿ, ಅಲ್ಲಿಗೆ ನಿಲ್ಲುತ್ತದೆ. ಜಮ್ಯಾದ್ ಯಷ್ಟ್ ಕೂಡ ಖ್ವರೆನವನ್ನು ಕೊನೆಗೆ ಒಪ್ಪಿಸುವುದು ಸಾಮ್ರಾಟನಿಗಲ್ಲ, ಲೋಕವನ್ನು ಹೊಸದು ಮಾಡಲು ಬರಲಿರುವ ಸೌಶ್ಯಂತನಿಗೆ.

ಮೂರು ವಂಶಗಳ ಕಥೆಯನ್ನು ಒಟ್ಟಿಗೆ ನೋಡಿದರೆ ಮೊದಲ ಪ್ರಶ್ನೆಗೆ ಎರಡು ಉತ್ತರಗಳು ಬರುತ್ತವೆ. ಅರಸರ ಬಾಯಲ್ಲಿ ಖ್ವರೆನ ಒಂದು ವರ್ತುಲ: ಗೆದ್ದವನಿಗೆ ಅದು ಇದೆ, ಇದ್ದದ್ದಕ್ಕೆ ಗೆದ್ದ. ಸೈರಸ್‌ನ ಉರುಳೆ, ಬೆಹಿಸ್ತುನ್, ಅರ್ದಶೀರನ ಶಿಲ್ಪ ಮೂರೂ ಈ ವರ್ತುಲದೊಳಗಿವೆ. ಆದರೆ ತತ್ತ್ವ ಅರಸರ ಸೊತ್ತಾಗಿ ಉಳಿಯಲಿಲ್ಲ. ಸತ್ಯವೇ ಅರಸುತನಕ್ಕೆ ಆಧಾರವೆಂದು ಬಂಡೆಯ ಮೇಲೆ ಬರೆಸಿದವನು, ತನ್ನನ್ನು ಅಳೆಯುವ ಕೋಲನ್ನೂ ಬಂಡೆಯ ಮೇಲೇ ಇಟ್ಟುಹೋದ. ಡೇರಿಯಸ್ ಸುಳ್ಳಾಡಿದನೇ ಎಂದು ಇಂದು ಕೇಳಲು ಆಗುವುದು ಸುಳ್ಳು ದೊಡ್ಡ ತಪ್ಪೆಂದು ಡೇರಿಯಸ್ ಹೇಳಿದ್ದರಿಂದ. ಈ ತತ್ತ್ವ ಯಾವ ವಂಶವನ್ನೂ ಪತನದಿಂದ ಉಳಿಸಲಿಲ್ಲ; ಯಾವ ಪತನವೂ ತತ್ತ್ವವನ್ನು ಕೊಲ್ಲಲಿಲ್ಲ.

ಇರಾನಿನಿಂದ ಗುಜರಾತಿನ ತೀರಕ್ಕೆ ವಲಸೆ ಬಂದ ಜರತುಷ್ಟ್ರ ಧರ್ಮೀಯರೇ ಪಾರ್ಸಿಗಳು. ಅವರ ಅತಿ ಹಿರಿಯ ಬೆಂಕಿ 1742ರಿಂದ ಉದ್ವಾಡಾ ಎಂಬ ಊರಿನಲ್ಲಿ ಆರದೆ ಉರಿಯುತ್ತಿದೆ. ಹದಿನಾರು ಬಗೆಯ ಬೆಂಕಿಗಳನ್ನು ಶುದ್ಧಿಮಾಡಿ ಒಂದುಗೂಡಿಸಿ ಇಂಥ ಬೆಂಕಿಯನ್ನು ನೆಲೆಗೊಳಿಸುವ ವಿಧಿಗೆ ‘ತಖ್ತ್‌ನಶೀನಿ’, ಅಂದರೆ ಸಿಂಹಾಸನಾರೋಹಣ ಎಂದೇ ಹೆಸರು. ಉದ್ವಾಡಾದ ಬೆಂಕಿಯ ಹೆಸರು ‘ಇರಾನ್‌ಶಾಹ್’, ಇರಾನಿನ ಅರಸ. ಪಾರ್ಸಿಗಳ ಪಂಚಾಂಗದ ವರ್ಷಗಣನೆ ಶುರುವಾಗುವುದು 632ರಲ್ಲಿ, ಗಿರಣಿಯಲ್ಲಿ ಸತ್ತ ಯಜ್ದ್‌ಗಿರ್ದ್‌ನ ಪಟ್ಟಾಭಿಷೇಕದಿಂದ. ಆಮೇಲೆ ಇನ್ನೊಬ್ಬ ಅರಸ ಬರಲಿಲ್ಲ. ಆದ್ದರಿಂದ ಅದೇ ಎಣಿಕೆ ಇಂದಿಗೂ ನಡೆದಿದೆ.